ಒದ್ದೆ ಹಣೆ

"ಜ್ವರದ ಸಿರಪ್ಪು ಕುಡಿಸಿ ಇವತ್ತೊಂದು ದಿನ ಸ್ಕೂಲಿಗೆ ಕಳಿಸಿದ್ರೆ ಏನಾಗುತ್ತೆ ಚೌಡಕ್ಕ" ಅಂತ ತಾನೆ ನೀನು ಕೇಳಿದ್ದು? ಹೇಳ್ತೀನಿ ಸುವರ್ಣ. ಮೊದ್ಲು ಆ ಬಾಟಲಿ ಕೆಳಗಿಡು. ಮಗನ ತಲೆ ಮೇಲೆ ಕೈಯಿಟ್ಟು ಆಣೆ ಮಾಡು, ಈ ಮಾತು ನಿನ್ನ ಗಂಡನ ಹತ್ರಾನೂ ಬಾಯಿಬಿಡಲ್ಲ ಅಂತ. ಇಟ್ಟೆಯಾ? ಸುಡ್ತಾ ಇದೆ ಅಲ್ವಾ. ಹಣೆ ಬೇರೆ ಒದ್ದೆ ಮಾಡಿ ನಿಲ್ಸಿದೀಯ. ಇರ್ಲಿ. ಬಾಗಿಲು ಮುಂದಕ್ಕೆ ಹಾಕಿ ಬಾ.

ಹೆಸರು ಹೇಳಲ್ಲ. ಒಬ್ಬಳು ಮಗ್ಗದವಳು ಅಂತಿಟ್ಕೊ. ಇದೇ ಬೀದಿಯೋಳು. ಅಷ್ಟು ಸಾಕು.

ಹೋದ ವರ್ಷ ಕೊರೊನಾಕ್ಕೆ ಮುಚ್ಚಿದ್ದ ಸ್ಕೂಲು ತೆಗೆದ್ರಲ್ಲ, ಆಗಿನ ಮಾತು. ನೀನಿನ್ನೂ ಈ ಬೀದಿಗೆ ಬಂದಿರ್ಲಿಲ್ಲ. ಸ್ಕೂಲಿಗೆ ಒಬ್ಬಳು ಆಯಾ ಇದ್ದಳು. ಬೆಳಗ್ಗೆ ಒಂಬತ್ತಕ್ಕೆ ಇಲ್ಲೇ ಹಾದು, ಮನೆ ಮನೆ ಬಾಗಿಲು ತಟ್ಟಿ, "ಹೊತ್ತಾಯ್ತು, ಕಳಿಸ್ರವ್ವ" ಅಂದ್ಕೊಂಡು ಹೋಗೋಳು. ಆಮೇಲೆ ಗೇಟಲ್ಲಿ ನಿಂತು ಒಂದೊಂದು ಮಗೂ ಹಣೆಗೂ ಗನ್ನು ಹಿಡಿದು ಜ್ವರ ನೋಡೋಳು. ಜ್ವರ ಬಂದ ಮನೆ ಬಾಗಿಲಿಗೆ ಚೀಟಿ ಅಂಟಿಸೋ ಕಾಲ ಅದು. ಚೀಟಿ ಬಿತ್ತು ಅಂದ್ರೆ ಹದಿನಾಲ್ಕು ದಿನ ಮಗ್ಗ ನಿಲ್ಲಬೇಕು. ನೇಯ್ದಿಟ್ಟ ಸೀರೇನೂ ಯಾರೂ ಮುಟ್ಟಲ್ಲ. ಪಕ್ಕದ ಮನೆಯೋಳು ಮುಖ ತಿರುಗಿಸ್ತಾಳೆ. ಪಕ್ಕದ ಮನೆಯೋಳು ಅಂದ್ರೆ ನಾನೇ, ಸುಳ್ಳು ಯಾಕೆ ಹೇಳ್ಲಿ.

ಒಂದಿನ ಬೆಳಗ್ಗೆ ಮಗ್ಗದವಳ ಮಗಳಿಗೆ ಮೈ ಕಾದಿತ್ತು. ಸಿರಪ್ಪು ಕುಡಿಸಿದಳು. ಸ್ಕೂಲ್ ತಿರುವಿನ ನಲ್ಲೀಲಿ ಸೆರಗು ನೆನೆಸಿ, ಮಗಳ ಹಣೆಗೆ ಒತ್ತಿ ಹಿಡಿದು, ತಣ್ಣಗಾದ ಮೇಲೆ ಗೇಟಿಗೆ ಬಿಟ್ಟಳು. ಗನ್ನು ಏನೂ ಹೇಳಲಿಲ್ಲ. ಹುಡುಗಿ ಹೋಗಿ ಬೆಂಚಲ್ಲಿ ಮೂರು ಮಕ್ಕಳ ಮಧ್ಯೆ ಕೂತಳು.

ಅವಳು ಅದನ್ನ ನನಗೆ ಆಣೆ ಹಾಕಿಸಿಯೇ ಹೇಳಿದ್ದು. ನಾನೂ ನಾಲ್ಕು ಜನಕ್ಕೆ ಆಣೆ ಹಾಕಿಸಿಯೇ ಹೇಳಿದೆ. ಒಂದು ವಾರ ಕಳೆಯೋದ್ರೊಳಗೆ ಆ ನಲ್ಲಿ ಮುಂದೆ ತಾಯಂದಿರ ಸಾಲು.

ಆಯಾಗೆ ಕಣ್ಣು ಕಾಣಲ್ವಾ? ಕೇಳಿದಳು. "ಏನ್ರವ್ವ, ಈ ಬೀದಿ ಮಕ್ಕಳೆಲ್ಲ ಹಣೆ ಒದ್ದೆ ಮಾಡ್ಕೊಂಡು ಬರ್ತಾವಲ್ಲ?"

ಮಗ್ಗದವಳು ಅಂದಳು, "ಸ್ಕೂಲು ಅಂದ್ರೆ ನಮಗೆ ಗುಡಿ ಇದ್ದಂಗೆ ಕಣಮ್ಮ. ಮುಖ ತೊಳೀದೆ ಕಳಿಸ್ತೀವಾ?"

ನಾವೆಲ್ಲ ನಕ್ವಿ. ಆಯಾನೂ ನಕ್ಕಳು. ನಂಬಿಬಿಟ್ಟಳು ಕಣೇ. ಚಳಿಗೆ ಶೀತ ಆಗುತ್ತೆ ಅಂತ, ಗನ್ನು ಹಿಡಿದಾದ ಮೇಲೆ ಒಂದೊಂದು ಹಣೇನೂ ತನ್ನ ಸೆರಗಲ್ಲಿ ಒರೆಸಿ ಒಳಗೆ ಬಿಡೋಕೆ ಶುರು ಮಾಡಿದಳು. ಬಿಸಿಲೇರಿದ್ರೆ ಮಾಸ್ಕು ಕೆಳಗೆಳೆದು, ಅದೇ ಸೆರಗಲ್ಲಿ ಮೂಗು ಬಾಯಿ ಒರೆಸ್ಕೊಳ್ಳೋಳು. ನಾನು ಎದುರಿಗೇ ನಿಂತು ನೋಡಿದೀನಿ. ಬೇರೆ ವಿಷಯಕ್ಕೆಲ್ಲ ಬಾಯಿ ಹಾಕೋಳು ನಾನು, ಅವತ್ತು ಸುಮ್ಮನಿದ್ದೆ.

ಮಕ್ಕಳು ಮೂರು ದಿನ ಕೆಮ್ಮಿ ಎದ್ದು ಆಡಿದ್ವು. ಆಯಾ ಮಲಗಿದಳು. ಆಂಬುಲೆನ್ಸು ಬಂದು ಕರ್ಕೊಂಡು ಹೋಯ್ತು, ಮತ್ತೆ ಮನೆಗೆ ತರಲಿಲ್ಲ. ಆಯಾ ಮಗಳು ಹೆಣಾನ ದೂರದಿಂದ ನೋಡಿದ್ದಷ್ಟೇ. ಆ ಸಲ ನಮ್ಮ ಕಡೆ ಚೀಟಿ ಬಿದ್ದಿದ್ದು ಒಂದೇ ಬಾಗಿಲಿಗೆ, ಆಯಾ ಬಾಗಿಲಿಗೆ.

ಆಮೇಲೆ ಬೀದಿ ಏನಂತು ಗೊತ್ತಾ? ಸ್ಕೂಲಿಗೆ ಕಾಯಿಲೆ ತಂದಿದ್ದೇ ಆಯಾ ಅಂತು. ಮೊದಲು ಅಂದವಳು ಮಗ್ಗದವಳು. ಮನೆ ಮನೆಗೆ ಹೊತ್ತುಕೊಂಡು ಹೋದವಳು ನಾನು.

ಈಗ ಗೇಟಲ್ಲಿ ನಿಲ್ಲೋದು ಆಯಾ ಮಗಳು. ಅಮ್ಮನ ಕೆಲಸ ಮಗಳಿಗೆ ಕೊಟ್ರು. ಎರಡೆರಡು ಮಾಸ್ಕು ಹಾಕ್ಕೊಂಡು ನಿಂತಿರ್ತಾಳೆ, ಒಂದು ಮಗೂನೂ ಮುಟ್ಟಲ್ಲ, ನೋಡಿದೀಯಲ್ಲ. ನೀವೆಲ್ಲ ಅದನ್ನ ಜಂಬ ಅಂದ್ಕೊಂಡಿದೀರ. ಒಂದಿನ ನನ್ನ ಹತ್ರ ಬಂದು ಕೈಮುಗಿದಳು. "ನಮ್ಮಮ್ಮನಿಂದ ನಿಮ್ಮ ಮಕ್ಕಳಿಗೆಲ್ಲ ಆಯ್ತಲ್ಲಕ್ಕ, ಮನಸ್ಸಲ್ಲಿ ಇಟ್ಕೋಬೇಡಿ" ಅಂದಳು.

ನಾನು "ಹೋಗ್ಲಿ ಬಿಡು" ಅಂದೆ. ಕೇಳಿಸ್ತಾ ಸುವರ್ಣ? ನಾನು ಅವಳನ್ನ ಕ್ಷಮಿಸಿದೆ.

ಏನು, ಮಗ್ಗದವಳು ಯಾರು ಅಂತೀಯಾ? ಇಷ್ಟು ಕೇಳಿದ ಮೇಲೂ ನಿನಗೆ ಬೇಕಾಗಿದ್ದು ಅದೇನಾ. ನಿನ್ನ ಜಾಗದಲ್ಲಿ ನಾನಿದ್ರೂ ಅದೇ ಕೇಳ್ತಿದ್ದೆ, ಬಿಡು. ಹತ್ರ ಬಾ, ಕಿವೀಲಿ ಹೇಳ್ತೀನಿ. ಅವಳ ಮನೆ ಇಲ್ಲಿಂದ ಎಣಿಸಿದ್ರೆ...

ತಾಳು. ಯಾರೋ ಬಾಗಿಲು ತಟ್ತಿದಾರೆ. ಮೂಲೆ ಮನೇದು. ಈಗ ಅದರ ಪಕ್ಕದ್ದು. "ಹೊತ್ತಾಯ್ತು, ಕಳಿಸ್ರವ್ವ." ಕೇಳಿಸ್ತಾ, ಅಮ್ಮನ ಮಾತೇ ಇವಳ ಬಾಯಲ್ಲೂ. ಮುಂದಿನ ಬಾಗಿಲು ನಿಂದೇ. ಬಾಟಲಿ ಯಾಕೆ ಸೆರಗಲ್ಲಿ ಮುಚ್ಕೋತೀಯ, ಅಲ್ಲೇ ಇರ್ಲಿ.

ಹಣೆ ಯಾಕೆ ಒದ್ದೆ ಅಂತ ಅವಳೂ ಕೇಳ್ತಾಳೆ ಸುವರ್ಣ, ಗುಡಿ ಇದ್ದಂಗೆ ಅಂತೀಯಾ?