ಒಬ್ಬರನ್ನೊಬ್ಬರು ದಾಟಿಹೋದ ಘಾಟಿ

ಕೊರಿಯಾಕ್ಕೆ ಹೋಗುವ ನಮ್ಮವರು ರಾಜಧಾನಿಯ ಅರಮನೆಗಳನ್ನೂ ಸಮುದ್ರದಂಡೆಯ ಎತ್ತರದ ಕಟ್ಟಡಗಳನ್ನೂ ನೋಡಿ, ಊಟ ಖಾರವೋ ಸಪ್ಪೆಯೋ ಎಂದು ತಮ್ಮತಮ್ಮಲ್ಲೇ ವಾದ ಮಾಡುತ್ತ ವಾಪಸು ಬಂದುಬಿಡುತ್ತಾರೆ. ತಪ್ಪೇನಿಲ್ಲ, ಅವೂ ನೋಡಬೇಕಾದವೇ. ಆದರೆ ಒಂದು ದಿನ ಮಿಕ್ಕಿದರೆ ಬೆಟ್ಟದ ಕಡೆಗೆ ಹೋಗಿ ಎಂದು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ. ಆ ದೇಶದಲ್ಲಿ ಬೆಟ್ಟಕ್ಕೇನು ಬರವಿಲ್ಲ, ಯಾವ ಕಿಟಕಿ ತೆರೆದರೂ ಒಂದು ಬೆಟ್ಟ ಇಣುಕುತ್ತದೆ. ಬೆಟ್ಟಗಳ ನಡುವೆ ಸಿಕ್ಕಷ್ಟು ಬಯಲಿನಲ್ಲಿ ಭತ್ತದ ಗದ್ದೆ, ಗದ್ದೆಯ ಅಂಚಿಗೆ ಊರು. ಊರಿಂದ ಊರಿಗೆ ಹೋಗಬೇಕೆಂದರೆ ಹಿಂದಿನವರು ಒಂದು ಘಾಟಿ ಹತ್ತಿ ಇಳಿಯಲೇಬೇಕಾಗಿತ್ತು. ಹಾಗಾಗಿ ಅವರ ಕಥೆಗಳಲ್ಲಿ ಅರ್ಧಕ್ಕರ್ಧ ಘಾಟಿಯಲ್ಲೇ ಹುಟ್ಟಿದವು. ನಾನು ಈಗ ಹೇಳುವ ಘಾಟಿ ದೊಡ್ಡ ನಕ್ಷೆಗಳಲ್ಲಿ ಸಿಗುವುದಿಲ್ಲ. ಅದರ ಒಂದು ಬದಿಗೆ ಸೆಮ್‌ಮಾಲ್, ಎಂದರೆ ಒರತೆಯ ಊರು. ಇನ್ನೊಂದು ಬದಿಗೆ ಬಾಮ್‌ಗೋಲ್. ಬಾಮ್ ಎಂದರೆ ಅಲ್ಲಿ ಬೆಳೆಯುವ ಚೆಸ್ಟ್‌ನಟ್ ಕಾಯಿ, ಕೆಂಡದಲ್ಲಿ ಸುಟ್ಟು ತಿಂದರೆ ನಮ್ಮ ಹಲಸಿನ ಬೀಜದ್ದೇ ರುಚಿ, ಸ್ವಲ್ಪ ಸಿಹಿ ಜಾಸ್ತಿ. ಘಾಟಿಯ ನೆತ್ತಿಯಲ್ಲಿ ಒಂದು ಕಲ್ಲಿನ ಗುಪ್ಪೆ ಇದೆ. ದಾಟುವವರು ಬೆಟ್ಟದ ದೇವರನ್ನು ನೆನೆದು ಒಂದೊಂದು ಕಲ್ಲು ಇಟ್ಟು ಹೋಗುತ್ತಾರೆ. ನಾನೂ ಇಟ್ಟೆ.

ಈ ಘಾಟಿಯ ಹೆಸರು ಒತ್‌ಕಲ್ಲಿನ್ ಗೊಗೆ. ಒಬ್ಬರನ್ನೊಬ್ಬರು ಕಾಣದೆ ದಾಟಿಹೋದ ಘಾಟಿ ಎಂದು ಅರ್ಥ. ಅರ್ಥ ಹೇಳಿದವರು ಸೆಮ್‌ಮಾಲ್ ಬಸ್ ನಿಲ್ದಾಣದ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡಿರುವ ಪ್ಯೋ ಎಂಬ ಹಿರಿಯರು. ಪ್ರಾಯದಲ್ಲಿ ಅರಬರ ದೇಶಕ್ಕೆ ರಸ್ತೆ ಕೆಲಸಕ್ಕೆ ಹೋಗಿ, ಅಲ್ಲಿ ನಮ್ಮ ಮಲಬಾರಿನ ಮೇಸ್ತ್ರಿಗಳ ಸಂಗದಲ್ಲಿ ಇಂಗ್ಲಿಷ್ ಕಲಿತವರಂತೆ. ಅವರ ಇಂಗ್ಲಿಷಿನಲ್ಲಿ ಕೇರಳದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು, ನನಗಂತೂ ಮನೆಗೆ ಬಂದಷ್ಟು ಖುಷಿಯಾಯಿತು. ಬೆಟ್ಟ ಹತ್ತಲು ಸರಿಯಾದ ದಾರಿ ಯಾವುದು ಎಂದು ಕೇಳಿದೆ. “ಎರಡೂ ಸರಿಯಾದವೇ. ಅದೇ ತೊಂದರೆ,” ಎಂದರು. ಆಮೇಲೆ ಅಂಗಡಿಯ ಬಾಗಿಲೆಳೆದು, ನನ್ನ ಜೊತೆ ತಾವೇ ಹೊರಟುಬಿಟ್ಟರು. ದಾರಿಯುದ್ದಕ್ಕೂ ಅವರು ಹೇಳಿದ್ದನ್ನು, ಮಧ್ಯೆ ನಾನು ಬಾಯಿ ಹಾಕಿದ್ದನ್ನು ಆದಷ್ಟು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಕಥೆಗೆ ಮೊದಲು ಒಂದು ಪದ್ಧತಿಯನ್ನು ತಿಳಿಯಬೇಕು. ಅರಸರ ಕಾಲದಲ್ಲಿ ಆ ಸೀಮೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ತವರಿನ ಹೊಸಿಲು ಮತ್ತೆ ತುಳಿಯುವುದು ಬಹಳ ಅಪರೂಪವಾಗಿತ್ತು. ನಮ್ಮಲ್ಲಿ ಪಂಚಮಿಗಾದರೂ ಅಣ್ಣ ಕರೆಯಲು ಬರುತ್ತಿದ್ದ, ಅವರಿಗೆ ಅದೂ ಇರಲಿಲ್ಲ. ಇದ್ದದ್ದು ಒಂದೇ, ಬಾನ್‌ಬೊಗಿ ಎಂಬ ಅರೆಭೇಟಿ. ಶರತ್ಕಾಲದ ಹುಣ್ಣಿಮೆಯ ಹಬ್ಬ ಮುಗಿದು, ಕೊಯ್ಲು ಇನ್ನೂ ಬಿರುಸಾಗದ ಹೊತ್ತಿನಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ತಾಯಿ ತನ್ನ ಊರಿಂದ ಅರ್ಧ ದಾರಿ, ಮಗಳು ಗಂಡನ ಊರಿಂದ ಅರ್ಧ ದಾರಿ ನಡೆದು ಬರಬೇಕು. ನಡುವೆ ಎಲ್ಲೋ ಕೂತು, ತಂದ ಬುತ್ತಿ ಬಿಚ್ಚಿ ಉಂಡು, ಅತ್ತು, ನಕ್ಕು, ಹೊತ್ತು ಮುಳುಗುವುದರೊಳಗೆ ಇಬ್ಬರೂ ಮನೆ ಸೇರಬೇಕು. ತಾಯಿ ಬೀಗರ ಊರಿನೊಳಗೆ ಕಾಲಿಡುವಂತಿಲ್ಲ, ಅದು ಮಗಳ ಮರ್ಯಾದೆಗೆ ಕುಂದು. ಕರೆಯಿಲ್ಲದೆ ಮಗಳು ತವರಿನ ಊರೊಳಗೆ ಬರುವಂತಿಲ್ಲ, ಅದು ಗಂಡನ ಮನೆಗೆ ಅವಮಾನ. ವಿಚಿತ್ರವೆಂದರೆ, ಗಂಡನ ಊರಿನಲ್ಲಿ ಯಾರೂ ಸೊಸೆಯನ್ನು ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತವರೂರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಸೆಮ್‌ಮಾಲಿನಿಂದ ಬಂದವಳು ಸಾಯುವತನಕ ಸೆಮ್‌ಮಾಲ್‌ದೆಕ್. ಹೋಗಬಾರದ ಊರನ್ನು ದಿನವಿಡೀ ಹೆಸರಾಗಿ ಹೊತ್ತುಕೊಂಡು ತಿರುಗುವುದು ಎಂಥ ಶಿಕ್ಷೆ, ನೋಡಿ.

ಹಿಂದೆ ಒಮ್ಮೆ ಸೆಮ್‌ಮಾಲಿನಲ್ಲಿ ಒಬ್ಬ ವಿಧವೆ ಇದ್ದಳು ಎನ್ನುತ್ತಾರೆ. ಅವಳ ಹೆಸರು ಯಾರಿಗೂ ನೆನಪಿಲ್ಲ, ಒಕ್‌ದಾನಳ ತಾಯಿ ಎಂದೇ ಹೇಳುತ್ತಾರೆ. ಒಕ್‌ದಾನ್ ಅವಳಿಗಿದ್ದ ಒಬ್ಬಳೇ ಮಗಳು, ಬಾಮ್‌ಗೋಲಿಗೆ ಕೊಟ್ಟಿತ್ತು. ಮದುವೆಯಾದ ಮೇಲೆ ತಾಯಿ ಮಗಳು ಒಂದು ಸಲವೂ ಸೇರಿರಲಿಲ್ಲ. ಒಂದು ವರ್ಷ ಮಳೆ, ಒಂದು ವರ್ಷ ಮಾವನ ಸಾವು, ಆಮೇಲೆ ಒಕ್‌ದಾನಳ ಬಸಿರು. ಆ ಬೇಸಿಗೆಯಲ್ಲಿ ಹೆಣ್ಣುಮಗು ಹುಟ್ಟಿತ್ತು. ಅದೇ ಬೇಸಿಗೆಯಲ್ಲಿ ತಾಯಿಯ ಕಣ್ಣಿಗೆ ಪೊರೆ ದಟ್ಟವಾಗತೊಡಗಿತ್ತು. ಹತ್ತಿರದ್ದು ಕಾಣುತ್ತಿತ್ತು, ದೂರದ್ದೆಲ್ಲ ಗಂಜಿಯಂತೆ ಕದಡಿಹೋಗಿತ್ತು. ಊರಿನ ನಾಟಿವೈದ್ಯ ರೆಪ್ಪೆ ಎತ್ತಿ ನೋಡಿ, ಈ ಚಳಿಗಾಲ ದಾಟುವುದರೊಳಗೆ ಹತ್ತಿರದ್ದೂ ಹೋಗುತ್ತದೆ ಎಂದುಬಿಟ್ಟ. ಅವಳಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಮೊಮ್ಮಗಳ ಮುಖವನ್ನು ಮೂಗಿನ ಹತ್ತಿರ ಹಿಡಿದು ಒಂದು ಸಲ ನೋಡಬೇಕು, ಆಮೇಲೆ ಕತ್ತಲಾದರೆ ಆಗಲಿ.

ಊರೂರು ಸುತ್ತಿ ಬಾಚಣಿಗೆ, ಸೂಜಿ ಮಾರುವ ಜಾಂಗ್ ಎಂಬ ಹೊರೆವ್ಯಾಪಾರಿಯ ಬಾಯಲ್ಲಿ ಅವಳು ಮಗಳಿಗೆ ಸುದ್ದಿ ಕಳಿಸಿದಳು. ಹಬ್ಬ ಕಳೆದ ಮೂರನೆಯ ದಿನ, ನೆತ್ತಿಯ ಕಲ್ಲುಗುಪ್ಪೆಯ ಹತ್ತಿರ. “ಕಣ್ಣಿನ ವಿಷಯ ಮಾತ್ರ ಬಾಯಿ ಬಿಡಬೇಡಪ್ಪ,” ಎಂದಳು. “ಹಾಲೂಡಿಸುವ ಹುಡುಗಿ, ಅತ್ತುಕೊಂಡು ಕೂತರೆ ಕೂಸಿಗೆ ಹಾಲು ಬತ್ತುತ್ತದೆ.” ಜಾಂಗ್ ನಕ್ಕ. “ತಾಯೀ, ನನ್ನ ಬಾಯಿ ನನ್ನ ಮೂಟೆಯ ಹಾಗೆ. ಕೇಳಿದ್ದನ್ನು ಮಾತ್ರ ತೆಗೆದು ಕೊಡುತ್ತೇನೆ.” ಕೊಟ್ಟ ಮಾತಿನಂತೆ ನಡೆದೂ ಕೊಂಡ. ಬಾಮ್‌ಗೋಲಿನಲ್ಲಿ ಒಕ್‌ದಾನಳ ಅತ್ತೆ ಸುದ್ದಿ ಕೇಳಿ, “ಹೋಗು. ಆದರೆ ಸಂಜೆಯ ಒಲೆಗೆ ನಾನೇ ಬೆಂಕಿ ಹಾಕುವ ಹಾಗಾದರೆ, ಮುಂದಿನ ವರ್ಷ ಈ ಮಾತೇ ಎತ್ತಬೇಡ,” ಎಂದಳು. ಪ್ಯೋ ಹಿರಿಯರು ಇಲ್ಲಿ ನಿಂತು, “ಅತ್ತೆ ಕೆಟ್ಟವಳಲ್ಲ ಎಂದು ಬರೆಯಿರಿ. ಆ ಕಾಡಿನಲ್ಲಿ ಆಗ ಹುಲಿ ಇತ್ತು,” ಎಂದು ನನಗೆ ಎರಡೆರಡು ಸಲ ಹೇಳಿದರು. ಬರೆದಿದ್ದೇನೆ.

ಘಾಟಿಗೆ ಎರಡು ದಾರಿ ಎಂದರಲ್ಲ ಪ್ಯೋ. ಒಂದು ಸೀದಾ ನೆತ್ತಿಯ ಮೇಲೆ ಹಾಯುವ ಕಡಿದಾದ ಕಲ್ಲುದಾರಿ. ಇನ್ನೊಂದು ಬೆಟ್ಟದ ಪಕ್ಕೆಯನ್ನು ಬಳಸಿ ಬರುವ ಸೌದೆಯವರ ದಾರಿ, ಉದ್ದ, ಆದರೆ ಕಾಲಿಗೆ ಹಿತ. ಗೊತ್ತಾದ ದಿನ ತಾಯಿ ಕೋಳಿ ಕೂಗುವ ಮೊದಲೇ ಎದ್ದು, ಪೈನ್ ಎಲೆಯ ಮೇಲೆ ಬೇಯಿಸಿದ ಹಬ್ಬದ ಕಡುಬುಗಳನ್ನು ಗಂಟು ಕಟ್ಟಿಕೊಂಡು ಕಲ್ಲುದಾರಿ ಹಿಡಿದಳು. ಅವರ ಕಡುಬು ನಮ್ಮ ಕರ್ಜಿಕಾಯಿಯ ಆಕಾರ, ಒಳಗೆ ಎಳ್ಳಿನ ಹೂರಣ. ಕೋಲೂರುತ್ತ, ದಾರಿಯನ್ನು ಪಾದದಿಂದಲೇ ತಡಕುತ್ತ, ಮಂಜು ಇನ್ನೂ ಆರುವ ಮೊದಲೇ ಅವಳು ನೆತ್ತಿ ಸೇರಿದಳು. ಮಗಳು ಬಂದಿರಲಿಲ್ಲ. ಅಲ್ಲೇ ಕೂತಿದ್ದರೆ ಈ ಘಾಟಿಗೆ ಈ ಹೆಸರು ಬರುತ್ತಿರಲಿಲ್ಲ. ಆದರೆ ತಾಯಿಯಲ್ಲವೇ? ಬೆನ್ನಿಗೆ ಕೂಸು ಕಟ್ಟಿಕೊಂಡವಳು ಈ ಏರು ಹತ್ತಬೇಕಲ್ಲ, ನಾನೇ ನಾಲ್ಕು ಹೆಜ್ಜೆ ಇಳಿದು ಎದುರಾದರೆ ಅಷ್ಟು ದಣಿವು ಉಳಿಯುತ್ತದೆ ಎಂದುಕೊಂಡು ಬಾಮ್‌ಗೋಲಿನ ಕಡೆಗೆ ಇಳಿಯತೊಡಗಿದಳು. ನಾಲ್ಕು ಹೆಜ್ಜೆ ಎನ್ನುತ್ತ, ಈ ತಿರುವಿನಲ್ಲಿ ಸಿಕ್ಕಾಳು, ಆ ಬಂಡೆಯ ಹತ್ತಿರ ಸಿಕ್ಕಾಳು ಎನ್ನುತ್ತ ಇಳಿದೇ ಇಳಿದಳು.

ಒಕ್‌ದಾನ್ ಅದೇ ಹೊತ್ತಿಗೆ ಸೌದೆಯವರ ದಾರಿಯಲ್ಲಿದ್ದಳು. ಕೂಸನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಬಿಗಿದುಕೊಂಡವಳು ಸಡಿಲ ಕಲ್ಲುಗಳ ಮೇಲೆ ಯಾಕೆ ಹೋಗಬೇಕು? ಎರಡು ದಾರಿಗಳ ನಡುವೆ ಒಂದು ಆಳವಾದ ಕಮರಿ ಇದೆ. ಅದರ ಒಂದು ಅಂಚಿನಲ್ಲಿ ತಾಯಿ ಇಳಿಯುತ್ತಿದ್ದಾಗ ಇನ್ನೊಂದು ಅಂಚಿನಲ್ಲಿ ಮಗಳು ಏರುತ್ತಿದ್ದಳು. ಕಮರಿಯ ತುಂಬ ಮಂಜು. ಸೌದೆಯವರ ದಾರಿ ನೆತ್ತಿಗೆ ಸ್ವಲ್ಪ ಕೆಳಗೆ, ಸೆಮ್‌ಮಾಲಿನ ಬದಿಯಲ್ಲಿ ಕಲ್ಲುದಾರಿಯನ್ನು ಕೂಡುತ್ತದೆ. ಅಲ್ಲಿ ಬಂದು ನಿಂತು ಒಕ್‌ದಾನ್ ಮೇಲೆ ಕಲ್ಲುಗುಪ್ಪೆಯ ಕಡೆಗೂ ಕೆಳಗೆ ದಾರಿಯ ಕಡೆಗೂ ನೋಡಿದಳು, ಯಾರೂ ಕಾಣಲಿಲ್ಲ. ಅಮ್ಮ ಇನ್ನೂ ಹೊರಟೇ ಇಲ್ಲ, ಆ ಮೊಣಕಾಲು ಇಟ್ಟುಕೊಂಡು ಇಷ್ಟು ಎತ್ತರ ಹತ್ತುವುದೇನು, ನಾನೇ ಇಳಿಯುತ್ತೇನೆ ಎಂದುಕೊಂಡಳು. ಅವಳೂ ಇಳಿದೇ ಇಳಿದಳು.

ಮಧ್ಯಾಹ್ನದ ಹೊತ್ತಿಗೆ ಒಕ್‌ದಾನ್ ಸೆಮ್‌ಮಾಲಿನ ಊರಬಾಗಿಲಲ್ಲಿ, ಕಾವಲಿಗೆ ನಿಲ್ಲಿಸಿದ ಕಣ್ಣುಬಿಟ್ಟ ಮರದ ಕಂಬಗಳ ಹೊರಗೇ ನಿಂತಿದ್ದಳು. ಅಲ್ಲಿಂದ ತವರಿನ ಸೂರು ಕಾಣುತ್ತಿತ್ತು. ಹೆಜ್ಜೆ ಇಡಲಿಲ್ಲ. ಮೂಲಂಗಿ ಹೊತ್ತು ಬಂದ ನೆರೆಯ ಹೆಂಗಸು ಅವಳನ್ನು ಕಂಡು ಬುಟ್ಟಿ ಕೆಳಗಿಟ್ಟಳು. “ಅಯ್ಯೋ ಕೂಸೇ, ನೀನಿಲ್ಲೇನು ಮಾಡ್ತಿದ್ದೀ? ನಿನ್ನಮ್ಮ ಕತ್ತಲಲ್ಲೇ ಹೋದಳಲ್ಲೇ, ಕಲ್ಲುದಾರೀಲಿ!” ಅತ್ತ ಬಾಮ್‌ಗೋಲಿನ ಹೊಳೆಯಲ್ಲಿ ಬಟ್ಟೆ ಸೆಣೆಯುತ್ತಿದ್ದ ಹೆಂಗಸರು ಕೋಲೂರಿ ನಿಂತ ಮುದುಕಿಗೆ ಹೇಳುತ್ತಿದ್ದರು, “ಸೆಮ್‌ಮಾಲ್‌ದೆಕ್ ಬೆಳಿಗ್ಗೆಯೇ ಹೋದಳಲ್ಲ ಅಜ್ಜೀ, ಸೌದೆಯವರ ದಾರೀಲಿ.” ಒಬ್ಬಳು, “ಬೀಗರ ಊರಿನ ನೀರು ಕುಡಿಯಲು ಬಂದಿರಾ?” ಎಂದು ತಮಾಷೆ ಮಾಡಿದಳು. ಮುದುಕಿಯ ಮುಖ ನೋಡಿ ಅವಳೇ ತಲೆತಗ್ಗಿಸಿ ಮತ್ತೆ ಬಟ್ಟೆಗೆ ಕೈ ಹಾಕಿದಳು.

ಇಲ್ಲಿಗೆ ಬಂದಾಗ ನಾನು, “ಯಾರಾದರೊಬ್ಬರು ನಿಂತಲ್ಲೇ ಕಾಯಬಾರದಿತ್ತೇ?” ಎಂದೆ. ಪ್ಯೋ ತಲೆಯಾಡಿಸಿದರು. ಕಾಯುವುದು ಎಲ್ಲಿ? ಊರೊಳಗೆ ಹೋಗುವಂತಿಲ್ಲ, ಊರ ಹೊರಗೆ ಕೂತರೆ ನಾಲ್ಕು ಜನ ನೋಡುತ್ತಾರೆ, ಸೂರ್ಯ ಆಗಲೇ ವಾಲಿದ್ದಾನೆ. ಇಬ್ಬರೂ ತಿರುಗಿದರು. ಮಗಳು ಅಮ್ಮ ಹೋದ ಕಲ್ಲುದಾರಿಯನ್ನು ಹಿಡಿದಳು, ಅಮ್ಮ ಅದರಲ್ಲೇ ಹಿಂದಿರುಗುತ್ತಾಳೆಂದು. ತಾಯಿ, ಮಗಳು ಹೋದ ಸೌದೆಯವರ ದಾರಿಯನ್ನು ಹಿಡಿದಳು, ಮಗಳು ಅದರಲ್ಲೇ ಬರುತ್ತಾಳೆಂದು. ಒಬ್ಬರ ಮನಸ್ಸನ್ನು ಒಬ್ಬರು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು, ಪಾಪ. ಸ್ವಲ್ಪ ಕಡಿಮೆ ಬಲ್ಲವರಾಗಿದ್ದರೆ ಸೇರುತ್ತಿದ್ದರೋ ಏನೋ.

ನೆತ್ತಿ ದಾಟಿ ಇಳಿಯುವಾಗ ಒಕ್‌ದಾನಳ ಬೆನ್ನಮೇಲಿದ್ದ ಕೂಸು ಹಸಿದು ಅಳತೊಡಗಿತು. ಆ ಅಳು ಕಮರಿಯನ್ನು ದಾಟಿ ಮುದುಕಿಯ ಕಿವಿಗೆ ಬಿತ್ತು. “ಒಕ್‌ದಾನ್!” ಎಂದು ಅವಳು ಕೂಗಿದಳು. ಮಂಜು ಎಂದೋ ಆರಿತ್ತು, ಇಳಿಬಿಸಿಲು ಬಿದ್ದಿತ್ತು. ಕಮರಿಯ ಆಚೆ ದಂಡೆಯಲ್ಲಿ ಕೋಲು ಹಿಡಿದ ಬಿಳಿಸೀರೆಯಂಥ ಉಡುಪಿನ ಆಕೃತಿಯನ್ನು ಮಗಳು ಕಂಡಳು. “ಅಮ್ಮಾ!” ಎಂದಳು. (ಅವರ ಭಾಷೆಯಲ್ಲೂ ಅಮ್ಮನಿಗೆ ಹೆಚ್ಚು ಕಡಿಮೆ ಅಮ್ಮ ಎಂದೇ ಅನ್ನುತ್ತಾರೆ, ಅಪ್ಪನಿಗೆ ಅಪ್ಪ ಎಂದೇ. ನಾನಂತೂ ಮೊದಲ ಸಲ ಕೇಳಿದಾಗ ತಿರುಗಿ ನೋಡಿದ್ದೆ.) ನಡುವೆ ಇಳಿಯಲಾರದ, ಏರಲಾರದ ಕಮರಿ. ಬಳಸಿ ಬರಬೇಕೆಂದರೆ ಮತ್ತೆ ನೆತ್ತಿಯವರೆಗೆ ಹತ್ತಬೇಕು, ಅಷ್ಟರಲ್ಲಿ ಕತ್ತಲು, ಹುಲಿ, ಬೆನ್ನಮೇಲೆ ಕೂಸು. “ಅಲ್ಲೇ ಇರಮ್ಮಾ, ನಾನು ಬಳಸಿ ಬರ್ತೀನಿ!” ಎಂದಳು ಒಕ್‌ದಾನ್. “ಬಂದೀಯಾ, ಕಾಲು ಮುರೀತೀನಿ!” ಎಂದಳು ತಾಯಿ. “ಹೊತ್ತು ನೋಡು. ಕೂಸನ್ನು ತೋರಿಸಿ ಮನೆಗೆ ನಡಿ.”

ಒಕ್‌ದಾನ್ ಬಟ್ಟೆ ಬಿಚ್ಚಿ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. “ಕಾಣುತ್ತಾ ಅಮ್ಮಾ?”

“ಇನ್ನೂ ಸ್ವಲ್ಪ ಮೇಲೆ. ಹಾಂ, ಕಾಣ್ತು ಕಾಣ್ತು. ಮುದ್ದಾಗಿದೆ.”

ತಾಯಿ ನೋಡುತ್ತಿದ್ದುದು ಒಕ್‌ದಾನಳ ಎಡಕ್ಕಿದ್ದ ಪೈನ್ ಮರವನ್ನು.

ಮಗಳ ಕೈ ಕೆಳಗಿಳಿಯಲಿಲ್ಲ ಎನ್ನುತ್ತಾರೆ. ಅವಳು ಅಳಲೂ ಇಲ್ಲ, ಇದು ಯಾವಾಗಿನಿಂದ ಎಂದು ಕೇಳಲೂ ಇಲ್ಲ. ಕೂಸಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಗಂಟಲು ಹರಿಯುವಂತೆ ಕೂಗತೊಡಗಿದಳು. “ಹಣೆ ಅಗಲ ಅಮ್ಮಾ, ಅಪ್ಪನದೇ! ಹುಬ್ಬು ಇನ್ನೂ ಬಂದಿಲ್ಲ, ಒರೆಸಿದ ಹಾಗಿದೆ! ಬಲಗೆನ್ನೆಗೆ ಒಂದು ಮಚ್ಚೆ, ಎಳ್ಳಿನಷ್ಟು!” ಆಚೆಯಿಂದ ಪ್ರಶ್ನೆ ಬಂತು, “ಮೂಗು ಯಾರದು?” “ನಿನ್ನದೇ! ಚಪ್ಪಟೆ!” “ಹಾಳಾಯ್ತು, ಗಂಡು ಸಿಗೋದು ಕಷ್ಟ!” ಎಂದು ಮುದುಕಿ ನಕ್ಕಳು. ಕೂಸು ಅಳು ನಿಲ್ಲಿಸಿ ಅಮ್ಮನ ಬಾಯಿಯನ್ನೇ ನೋಡುತ್ತಿತ್ತು. ಕಿವಿ, ಗಲ್ಲ, ನೆತ್ತಿಯ ಸುಳಿ, ಕಿರುಬೆರಳಿನ ಉಗುರು, ಏನನ್ನೂ ಬಿಡದೆ ಒಕ್‌ದಾನ್ ಕೂಗಿ ಹೇಳಿದಳು. ಪ್ರತಿಯೊಂದಕ್ಕೂ ತಾಯಿ, “ಹೌದು, ಕಾಣ್ತದೆ, ಅದೂ ಕಾಣ್ತದೆ,” ಎನ್ನುತ್ತಿದ್ದಳು. ಕಡೆಗೆ ಹೇಳಲು ಏನೂ ಉಳಿಯಲಿಲ್ಲ, ಬಿಸಿಲೂ ಉಳಿಯಲಿಲ್ಲ. ಕಡುಬಿನ ಗಂಟು ಬಿಚ್ಚಿರಲೇ ಇಲ್ಲ. ಮುದುಕಿ ಮೊದಲು ತಿರುಗಿ ನಡೆದಳು, ಇಲ್ಲದಿದ್ದರೆ ಮಗಳು ಕದಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಒಕ್‌ದಾನ್ ಹೊತ್ತಿಗೆ ಸರಿಯಾಗಿ ಮನೆ ಸೇರಿ ಒಲೆ ಹಚ್ಚಿದಳಂತೆ. ಮಾತಾಡಲು ದನಿಯೇ ಇರಲಿಲ್ಲ, ಅತ್ತೆ ಅವಳಿಗೆ ಶುಂಠಿ ಕುದಿಸಿ ಕೊಟ್ಟಳು ಎನ್ನುತ್ತಾರೆ. ತಾಯಿಯ ಕಣ್ಣು ಮೊದಲ ಹಿಮ ಬೀಳುವಷ್ಟರಲ್ಲಿ ಪೂರ್ತಿ ಹೋಯಿತು. ಬಂದವರಿಗೆಲ್ಲ ಅವಳು ಮೊಮ್ಮಗಳ ಮುಖವನ್ನು ಮಚ್ಚೆಯ ಸಮೇತ ಬಣ್ಣಿಸುತ್ತಿದ್ದಳು, ಬಿಸಿಲಿನಲ್ಲಿ ಕಣ್ಣಾರೆ ಕಂಡೆ ಎನ್ನುತ್ತಿದ್ದಳು. ಮುಂದೆ ಇಬ್ಬರೂ ಸೇರಿದರೇ ಎಂದು ನಾನು ಕೇಳಿದೆ. ಕೇಳದಿರುವುದು ಹೇಗೆ? ಮರುವರ್ಷ ಒಕ್‌ದಾನ್ ಮತ್ತೆ ಬಸುರಿ, ಅದರ ಮರುವರ್ಷ ಮುದುಕಿಗೆ ಬೆಟ್ಟ ಹತ್ತಲಾಗಲಿಲ್ಲ ಎಂದರು ಪ್ಯೋ. ಅದರಾಚೆಗೆ ಕಥೆ ಏನನ್ನೂ ಹೇಳುವುದಿಲ್ಲ. “ಯಾವ ದೇಶದವರು ಬಂದರೂ ಅದನ್ನೇ ಕೇಳುತ್ತಾರೆ. ನಾನಾದರೂ ಏನು ಮಾಡಲಿ?” ಎಂದು ಅವರು ಕೈ ಚೆಲ್ಲಿದರು.

ಕೆಲವು ವರ್ಷಗಳ ಹಿಂದೆ ಸ್ಥಳೀಯ ಆಡಳಿತದವರು ಆ ಕಮರಿಗೆ ಅಡ್ಡಲಾಗಿ ಉಕ್ಕಿನ ತೂಗುಸೇತುವೆ ಕಟ್ಟಿದ್ದಾರೆ. ಕೆಂಪು ಬಣ್ಣ, ಒಳ್ಳೆಯ ಕೆಲಸ. ರಜೆಯ ದಿನ ಜನ ಬಂದು ಅದರ ಮೇಲೆ ಕುಣಿದು, ಕಿರುಚಿ, ಆಚೆ ದಾರಿಯಿಂದ ಇಳಿದು ಬಸ್ ಹಿಡಿಯುತ್ತಾರೆ. ನೀವು ಹೋದರೆ ದಾಟುವ ಮೊದಲು ಸ್ವಲ್ಪ ನಿಲ್ಲಿ. ನಾನು ನಿಂತಿದ್ದಾಗ ಆಚೆ ತುದಿಯಲ್ಲಿ ಒಬ್ಬ ಹೆಂಗಸು ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ಸಿಪ್ಪೆ ತುಂಡಾಗದೆ ಒಂದೇ ಎಳೆಯಾಗಿ ಅವಳ ಮಡಿಲಿಗೆ ಇಳಿಯುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಅವಳು ತಲೆಯೆತ್ತಿ, ನಾನು ನೋಡುತ್ತಿರುವುದನ್ನು ಕಂಡು, ಒಂದು ಹೋಳು ಎತ್ತಿ ಹಿಡಿದು ಬೇಕೇ ಎಂಬಂತೆ ಹುಬ್ಬು ಹಾರಿಸಿದಳು. ಅಷ್ಟೇ ದೂರ.