ನೀಲವ್ವ ಕಟ್ಟಿದ ಒಡಪು

ಒಂದಾನೊಂದು ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ನೇಕಾರರ ಹೆಣ್ಣುಮಗಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಗಂಡನ ಹೆಸರು ಒಮ್ಮೆಯೂ ಅವಳ ಬಾಯಿಗೆ ಬಂದಿರಲಿಲ್ಲವಂತೆ. ಹೆಂಡತಿ ಒಂದು ಸಲ ಹೆಸರು ಹೇಳಿದರೆ ಗಂಡನ ಆಯುಷ್ಯದಲ್ಲಿ ಒಂದು ವರ್ಷ ಕಡಿಮೆ ಅಂತ ಆಗಿನವರ ನಂಬಿಕೆ.

ಹೀಗಿರುವಾಗ ಅರಮನೆಯ ಪೀತಾಂಬರ ಕಳುವಾಯಿತು. ಆಳುಗಳು ಸಂತೆಗೆ ಬಂದಿದ್ದ ನಲವತ್ತು ಮಂದಿ ನೇಕಾರರನ್ನು ಹಿಡಿದು ಕೋಟೆಯೊಳಗೆ ತಳ್ಳಿದರು, ಅವರಲ್ಲಿ ನೀಲವ್ವನ ಗಂಡನೂ ಒಬ್ಬ. ಮೂರನೇ ದಿನ ಕಳ್ಳ ಸಿಕ್ಕ. ಅರಮನೆಯವನೇ! ಅರಸ ತಪ್ಪಾಯಿತು ಅಂದಾನೆಯೇ? "ಮನೆಯವರು ಬಂದು ಹೆಸರು ಹೇಳಿ ಬಿಡಿಸಿಕೊಳ್ಳಲಿ. ಹೊತ್ತು ಮುಳುಗಿದ ಮೇಲೆ ಉಳಿದವರನ್ನು ಕಲ್ಲುಗಣಿಗೆ ಅಟ್ಟಿ" ಅಂದನಂತೆ. ಗಣಿಗೆ ಹೋದವರು ತಿರುಗಿ ಬಂದದ್ದೇ ಇಲ್ಲ.

ತಾಯಂದಿರು ಬಂದರು, ಹೆಸರು ಹೇಳಿದರು, ಮಕ್ಕಳನ್ನು ಕರೆದುಕೊಂಡು ಹೋದರು. ಹೆಂಡಂದಿರು ಮಾತ್ರ ಬಾಗಿಲಲ್ಲೇ ನಿಂತರು. ನೀಲವ್ವನಿಗೆ ಅತ್ತೆಯಿಲ್ಲ, ಮಕ್ಕಳಿಲ್ಲ, ಅವಳ ಬದಲು ಹೆಸರು ಹೇಳುವವರಿಲ್ಲ.

"ಯಾರು ಬೇಕವ್ವಾ?" ಅಂದ ಬಾಗಿಲಲ್ಲಿ ಪಟ್ಟಿ ಹಿಡಿದು ಕೂತಿದ್ದ ಕರಣಿಕ.

"ನಮ್ಮನಿಯವರು ರೀ."

"ಒಳಗ ಇರೋರೆಲ್ಲಾ ನಿಮ್ಮನಿಯವರ! ಹೆಸರು ಹೇಳು."

ನೀಲವ್ವ ಬಾಯಿ ತೆರೆದಳು, ಮುಚ್ಚಿದಳು. ಹೇಳಿದರೆ ಆಯುಷ್ಯ ಹೋಯಿತು, ಹೇಳದಿದ್ದರೆ ಆಳೇ ಹೋದ. ಹೊತ್ತು ಇಳಿಯಿತು. ಗಾಡಿಗಳಿಗೆ ಎತ್ತು ಹೂಡಿದರು.

ಆಗ ನೆನಪಾಯಿತಂತೆ. ಹಿಟ್ಟು ಬೀಸುವಾಗ ಹೆಂಗಸರು ದೇವರನ್ನೂ ಹೆಸರು ಹಿಡಿದು ಬೈದು ಹಾಡುತ್ತಾರೆ, ದೇವರು ಮುನಿಯುವುದಿಲ್ಲ. ಹಾಡಿನೊಳಗೆ ಬಂದ ಹೆಸರು ಹಾಡಿನದು, ಹಾಡಿದವಳದಲ್ಲ. ಇದೂ ತಪ್ಪಾದರೆ ನನ್ನ ಆಯುಷ್ಯ ತಗೋ ಶಿವನೇ ಅಂತ ಕಣ್ಣು ಮುಚ್ಚಿ ದನಿ ಎತ್ತಿದಳು:

"ಲಾಳಿ ಓಡವಲ್ದು, ಒಲಿ ಉರೀವಲ್ದು,
ಬಾಳಪ್ಪ ಇಲ್ಲದ ಅನ್ನ ಇಳೀವಲ್ದು."

ಕರಣಿಕ ಪಟ್ಟಿಯ ಮೇಲೆ ಬೆರಳಾಡಿಸಿದ. ಆಮೇಲೆ ಒಳಗೆ ತಿರುಗಿ ಕೂಗಿದ, "ಬಾಳಪ್ಪಾ!"

ಬಾಳಪ್ಪ ಹೊರಗೆ ಬಂದ. ನೀಲವ್ವ ಅವನ ಮೋರೆ ನೋಡಲಿಲ್ಲ, ಉಳಿದದ್ದು ಆ ಒಂದೇ ವರ್ಷವಾಗಿದ್ದರೆ ಅಂತ ಕಾಲು ನೋಡಿದಳು. ಒಂದು ಹೆಜ್ಜೆ ಇಟ್ಟ, ಎರಡು ಇಟ್ಟ, ಮೂರು ಇಟ್ಟ. ಬೀಳಲಿಲ್ಲ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಅದನ್ನು ಕಂಡ ಉಳಿದ ಹೆಂಡಂದಿರು ಒಬ್ಬೊಬ್ಬರೇ ಗಂಟಲು ಸರಿಮಾಡಿಕೊಂಡು ತಮ್ಮ ಗಂಡಂದಿರ ಹೆಸರು ಹಾಡಿದರು. ಹೊತ್ತು ಮುಳುಗಿದಾಗ ಗಾಡಿಗಳು ಬರಿದಾಗಿದ್ದವು.

ಇವತ್ತಿಗೂ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳು, ಹಾಡಿನೊಳಗೆ ಗಂಡನ ಹೆಸರು ಹೇಳು ಅಂತ ನಗುತ್ತೇವಲ್ಲ, ಅದು ಅಂದು ಶುರುವಾದದ್ದಂತೆ. ಅಂದು ಯಾರೂ ನಕ್ಕಿರಲಿಲ್ಲ.

ದಾರಿಯಲ್ಲಿ ಬಾಳಪ್ಪ ಕೇಳಿದ, "ಹನ್ನೆರಡು ವರ್ಷದಾಗ ಇವತ್ತ ನಿನ್ನ ಬಾಯಾಗ ನನ್ನ ಹೆಸರು ಕೇಳಿದ್ನೇ. ಇನ್ನೊಮ್ಮಿ ಹೇಳು."

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಒಲ್ಲೆ ರೀ. ನೀವು ನನಗ ಪೂರಾ ಬೇಕು."

ಅವರು ಅಲ್ಲಿ ನೂರು ವರ್ಷ ಬಾಳಿದರು. ಹೇಳಿದ ನಾನು, ಕೇಳಿದ ನೀವು ಇಲ್ಲಿ ತಣ್ಣಗಿರೋಣ.