ಮೂರನೆಯ ಸುತ್ತು

ವರ್ತುಲಪುರವೆಂಬ ರಾಜ್ಯದಲ್ಲಿ ಭದ್ರಸೇನನೆಂಬ ಅರಸನಿದ್ದನು. ಮಕ್ಕಳೇ, ಎಲ್ಲರೂ ನೆಟ್ಟಗೆ ಕುಳಿತು ಕೇಳಿ. ನಡುವೆ ಪ್ರಶ್ನೆ ಬೇಡ.

ಆ ರಾಜ್ಯದ ಬೀದಿಗಳಲ್ಲಿ ಯಾರೂ ಕಾರನ್ನು ವೇಗವಾಗಿ ಓಡಿಸುವಂತಿರಲಿಲ್ಲ. ಓಡಿಸಿದವರು ಒಂದು ತಿಂಗಳು ಅದೇ ಬೀದಿಯನ್ನು ಗುಡಿಸಬೇಕಿತ್ತು. ವೇಗದ ಆಸೆಯುಳ್ಳವರಿಗಾಗಿ ಊರಾಚೆ ಹನ್ನೆರಡು ತಿರುವುಗಳ ಒಂದು ಟ್ರ್ಯಾಕ್ ಇತ್ತು. ತಿಂಗಳಿಗೊಮ್ಮೆ ಅದರ ಬಾಗಿಲು ತೆರೆಯುತ್ತಿತ್ತು. ಆ ಓಟದ ದಿನ ಪ್ರಜೆಗಳು ತಮ್ಮ ತಮ್ಮ ಕಾರು ತಂದು ಮನದಣಿಯೆ ಓಡಿಸಬಹುದಿತ್ತು. ಹನ್ನೆರಡನೆಯ ತಿರುವಿನ ಹೆಸರು ಬಂಡೆ ತಿರುವು. ಅಲ್ಲಿ ದಾರಿ ಥಟ್ಟನೆ ಬಲಕ್ಕೆ ಹೊರಳುತ್ತಿತ್ತು. ಹೊರಳದವರ ಎದುರಿಗೆ ಆನೆಗಾತ್ರದ ಬಂಡೆ ನಿಂತಿತ್ತು.

ಅರಸನ ಮಗಳು ಇಂದುಲೇಖೆ. ಇಪ್ಪತ್ತೊಂದು ತುಂಬಿದ ದಿನ ಅವಳು ತಂದೆಯ ಮುಂದೆ ನಿಂತಳು.

"ಅಪ್ಪಾಜಿ, ನನಗೊಂದು ಸ್ಪೋರ್ಟ್ಸ್ ಕಾರು ಬೇಕು."

"ಹೊಸದು ಕೊಡಿಸುವುದಿಲ್ಲ. ಕಲಿಯುವವರಿಗೆ ಸೆಕೆಂಡ್ ಹ್ಯಾಂಡ್ ಸಾಕು. ಮುಂದಿನ ಓಟದ ದಿನದೊಳಗೆ ಆರಿಸಿಕೋ."

ಡಂಗುರ ಸಾರಿದ್ದಾಯಿತು. ಎರಡು ಕಾರುಗಳು ಬಂದವು. ಮೊದಲನೆಯದು ಇಪ್ಪತ್ತು ವರ್ಷ ಹಳೆಯದು, ಕೆಂಪು ಬಣ್ಣ ಮಾಸಿದ್ದು. ತಂದವರು ನಿವೃತ್ತ ಗಣಿತದ ಮೇಷ್ಟ್ರು ವಾಮನರಾಯರು. ಎರಡನೆಯದು ನಾಲ್ಕೇ ವರ್ಷದ್ದು, ನೀಲಿ, ಮುಖ ನೋಡಿಕೊಳ್ಳುವಷ್ಟು ಹೊಳಪು. ತಂದವನು ಹಳೆಯ ಕಾರು ಕೊಂಡು ಮಾರುವ ರಂಜಕ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಕೊಳ್ಳುವವರಿಗೆ ಮಾತ್ರ ಯಾವ ದಿನವಾದರೂ ಟ್ರ್ಯಾಕ್ ತೆರೆಯುತ್ತಿತ್ತು; ಅವರು ಕಾರನ್ನು ಅಲ್ಲಿ ಒಂದು ಸುತ್ತು ಓಡಿಸಬೇಕು. ಒಪ್ಪಿಗೆಯಾದರೆ ಮಾರುವವನಿಗೆ ತಾಂಬೂಲ ಕೊಡಬೇಕು. ತಾಂಬೂಲ ಕೈಸೇರಿದರೆ ವ್ಯಾಪಾರ ಮುಗಿಯಿತು. ಆಮೇಲೆ ದೂರಿಲ್ಲ, ವಾಪಸಿಲ್ಲ.

ಅರಸನೂ ಆಸ್ಥಾನದವರೂ ಟ್ರ್ಯಾಕಿನ ಪಕ್ಕದ ಮಂಟಪದಲ್ಲಿ ಕುಳಿತರು. ಇಂದುಲೇಖೆ ಕೆಂಪು ಕಾರನ್ನು ಒಂದು ಸುತ್ತು ಓಡಿಸಿದಳು. ಸ್ಟಿಯರಿಂಗ್ ಬಿಗಿ, ಸೀಟು ಗಟ್ಟಿ, ತೋಳು ನೋವು. ನೀಲಿ ಕಾರನ್ನು ಒಂದು ಸುತ್ತು ಓಡಿಸಿದಳು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಬ್ರೇಕು ಒತ್ತಿದಲ್ಲಿ ನಿಂತಿತು.

"ನೀಲಿಯೇ ಇರಲಿ. ತಾಂಬೂಲದ ತಟ್ಟೆ ತನ್ನಿ" ಎಂದಳು.

"ತಟ್ಟೆ ಅಲ್ಲೇ ಇರಲಿ ಅಮ್ಮಣ್ಣಿ" ಎಂಬ ಧ್ವನಿ ಬಂತು.

ಅವಳು ದೇಮವ್ವ. ಅರಮನೆಯ ಕಾರು ರಿಪೇರಿ ಶೆಡ್ಡಿನ ಮೇಲ್ವಿಚಾರಕಿ. ನಲವತ್ತು ವರ್ಷದಿಂದ ಸ್ಪ್ಯಾನರ್ ಹಿಡಿದ ಕೈ. ಅವಳು ಮೊದಲು ವಾಮನರಾಯರ ಕಡೆಗೆ ತಿರುಗಿದಳು.

"ಮೇಷ್ಟ್ರೇ, ನಿಮ್ಮ ಕಾರಿನಲ್ಲಿ ಏನೇನು ಕೆಟ್ಟಿದೆ?"

"ಎಡಗಡೆಯ ಗಾಜು ಇಳಿಯುವುದಿಲ್ಲ. ಮಳೆ ಬಂದರೆ ಹಿಂದಿನ ಸೀಟು ಒದ್ದೆಯಾಗುತ್ತದೆ. ಎರಡನೇ ಗೇರು ಚಳಿಯಲ್ಲಿ ಹಟ ಮಾಡುತ್ತದೆ. ಟೈರು ಮುದಿಯಾಗಿವೆ, ಅವುಗಳ ಮೇಲೆ ನಿಧಾನದ ಒಂದು ಸುತ್ತು ಸರಿ, ವೇಗದ ಓಟಕ್ಕೆ ಇಳಿಯಬಾರದು. ಉಳಿದದ್ದು ಇದರಲ್ಲಿದೆ" ಎಂದು ಅವರು ಒಂದು ನೋಟ್‌ಬುಕ್ ನೀಡಿದರು. ಯಾವ ದಿನ ಯಾವ ಭಾಗ ಬದಲಾಯಿತೆಂದು ಇಪ್ಪತ್ತು ವರ್ಷದ್ದೂ ಬರೆದಿತ್ತು.

ಆಸ್ಥಾನದವರು ಮುಸಿಮುಸಿ ನಕ್ಕರು. ರಂಜಕನು ಜೋರಾಗಿಯೇ ನಕ್ಕನು. "ಮೇಷ್ಟ್ರು ಕಾರು ಮಾರಲು ಬಂದಿದ್ದಾರೋ, ಅದನ್ನು ಆಸ್ಪತ್ರೆಗೆ ಸೇರಿಸಲು ಬಂದಿದ್ದಾರೋ?"

"ನಿನ್ನ ಕಾರಿನಲ್ಲಿ ಏನು ಕೆಟ್ಟಿದೆಯಪ್ಪ?" ಎಂದಳು ದೇಮವ್ವ.

"ಏನೂ ಇಲ್ಲ ಅಜ್ಜಿ. ಇದಕ್ಕೆ ನೆಗಡಿಯೂ ಬಂದಿಲ್ಲ."

"ಹಾಗಾದರೆ ಮೂರು ಸುತ್ತು ಹೋಗೋಣ. ನಾನು ಓಡಿಸುತ್ತೇನೆ. ನೀನು ಪಕ್ಕದಲ್ಲಿ ಕೂರು."

ರಂಜಕನ ನಗೆ ನಿಂತಿತು. "ಪದ್ಧತಿ ಒಂದೇ ಸುತ್ತಿನದು" ಎಂದನು. ಅರಸನು ಹುಬ್ಬು ಗಂಟಿಕ್ಕಿದನು. "ನನಗೆ ಬೆನ್ನುನೋವು" ಎಂದನು ರಂಜಕ. ಅರಸನು ದಿಂಬು ತರಿಸಿದನು. "ಈಗ ರಾಹುಕಾಲ" ಎಂದನು. ಅರಸನು ಎದ್ದುನಿಂತನು. ರಂಜಕನು ತೆಪ್ಪಗೆ ಹೋಗಿ ಕಾರಿನಲ್ಲಿ ಕುಳಿತನು.

ಮೊದಲನೆಯ ಸುತ್ತಿನಲ್ಲಿ ಇಂಜಿನ್ ಗರ್ಜಿಸಿತು. ರಂಜಕನು ಬಾಗಿಲಿನ ಹಿಡಿ ಹಿಡಿದನು. ಎರಡನೆಯ ಸುತ್ತಿನಲ್ಲಿ ಇನ್ನೂ ಗರ್ಜಿಸಿತು. ಅವನು ಕಣ್ಣು ಮುಚ್ಚಿದನು, ಅಂಗಿ ಬೆನ್ನಿಗಂಟಿತು. ಮೂರನೆಯ ಸುತ್ತಿನಲ್ಲಿ ಹನ್ನೊಂದು ತಿರುವುಗಳು ಕಳೆದವು. ಬಂಡೆ ತಿರುವು ಹತ್ತಿರ ಬಂದಿತು.

"ನಿಲ್ಲಿಸಿ ತಾಯಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಮೂರನೇ ಸುತ್ತಿಗೆ ಈ ಬ್ರೇಕು ನಿಲ್ಲುವುದಿಲ್ಲ. ಪೆಡಲು ನೆಲ ಕಚ್ಚುತ್ತದೆ."

ಆ ಕೂಗು ಅರಸನ ಮಂಟಪದವರೆಗೂ ಕೇಳಿಸಿತು. ದೇಮವ್ವ ಗೇರು ಇಳಿಸುತ್ತ ತಿರುವನ್ನು ನಿಧಾನವಾಗಿ ಬಳಸಿ, ಕಾರನ್ನು ಮಂಟಪದ ಮುಂದೆ ತಂದು ಇಂಜಿನ್ ಆರಿಸಿ ನಿಲ್ಲಿಸಿ ಇಳಿದಳು.

"ಮಹಾಸ್ವಾಮಿ, ಮೂರು ಸುತ್ತಿನಲ್ಲಿ ನಾನು ಒಮ್ಮೆಯೂ ಬ್ರೇಕು ಮುಟ್ಟಿಲ್ಲ. ಕೆಳಗಿನ ಗೇರಿನಲ್ಲಿ ಸದ್ದು ಹೆಚ್ಚು, ವೇಗ ಕಡಿಮೆ. ಕಣ್ಣು ಮುಚ್ಚಿದವನಿಗೆ ಸದ್ದು ಮಾತ್ರ ತಿಳಿಯಿತು. ನಾನು ಮುಟ್ಟದ ಬ್ರೇಕು ಮೂರನೇ ಸುತ್ತಿಗೆ ಸೋಲುತ್ತದೆಂದು ಇವನಿಗೆ ಹೇಗೆ ಗೊತ್ತು?"

ಅರಸನು ಚಕ್ರ ಬಿಚ್ಚಲು ಹೇಳಿದನು. ಹೊರಗೆ ಮಿರುಗುವ ಹೊಸ ಬಣ್ಣ, ಒಳಗೆ ಹಪ್ಪಳದಷ್ಟು ತೆಳ್ಳಗೆ ಸವೆದ ಬ್ರೇಕ್ ಪ್ಯಾಡು. ಬ್ರೇಕ್ ಆಯಿಲ್ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. ಟೈರು ತಯಾರಾದ ವರ್ಷದ ಅಂಕಿಗಳು ಯಾರಿಗೂ ಕಾಣದಂತೆ ಒಳಮುಖವಾಗಿದ್ದವು. ನಾಲ್ಕು ವರ್ಷದ ಕಾರಿಗೆ ಒಂಬತ್ತು ವರ್ಷದ ಟೈರು.

"ಹಳೆಯ ಆಯಿಲ್ ನೀರು ಹೀರಿಕೊಂಡಿರುತ್ತದೆ. ಬ್ರೇಕು ಕಾದಾಗ ಆ ನೀರು ಕುದಿದು ಆವಿಯಾಗಿ, ಒತ್ತಿದ ಪೆಡಲು ನೆಲ ಕಚ್ಚುತ್ತದೆ. ಒಂದು ಸುತ್ತಿಗೆ ಅಷ್ಟು ಕಾಯುವುದಿಲ್ಲ" ಎಂದಳು ದೇಮವ್ವ.

ಇಂದುಲೇಖೆ ಹೋಗಿ ನೀಲಿ ಕಾರಿನ ಪೆಡಲನ್ನು ನೋಡಿದಳು. ನಂತರ ಬಂಡೆಯನ್ನು ನೋಡಿದಳು.

"ಈ ಒಂದು ಸುತ್ತಿನ ಪದ್ಧತಿ ಬಂದದ್ದಾದರೂ ಎಲ್ಲಿಂದ?" ಎಂದು ಅರಸನು ಕೇಳಿದನು.

"ನಿಮ್ಮ ಮುತ್ತಜ್ಜನವರ ಕಾಲದಿಂದ, ಮಹಾಸ್ವಾಮಿ. ಆಗ ಇಲ್ಲಿ ಕುದುರೆ ಮಾರುತ್ತಿದ್ದರು. ಕುದುರೆ ಒಂದು ಸುತ್ತಿಗೇ ದಣಿದು ತನ್ನ ದೋಷ ತೋರಿಸುತ್ತಿತ್ತು. ಕುದುರೆ ಹೋಗಿ ಕಾರು ಬಂತು. ಪದ್ಧತಿಯನ್ನು ಯಾರೂ ಬದಲಿಸಲಿಲ್ಲ. ನಾನೂ ಇಷ್ಟು ವರ್ಷ ಕೇಳಲಿಲ್ಲ. ಅದು ನನ್ನ ತಪ್ಪು."

ಅರಸನು ರಂಜಕನ ಕಡೆಗೆ ತಿರುಗಿದನು.

"ಇಂತಹವು ಎಷ್ಟು ಮಾರಿದ್ದೀಯೆ?"

"ಎರಡು, ಮಹಾಸ್ವಾಮಿ. ಒಂದನ್ನು ಕೋಟೆಯ ವೈದ್ಯರಿಗೆ. ಅವರು ಟ್ರ್ಯಾಕಿಗೆ ಬರುವವರಲ್ಲ."

"ಇನ್ನೊಂದು?"

ರಂಜಕನು ತಲೆ ತಗ್ಗಿಸಿದನು. "ಗುರುಪಾದನಿಗೆ."

ಆ ಹೆಸರು ಅರಸನಿಗೆ ಚೆನ್ನಾಗಿ ಗೊತ್ತಿತ್ತು. ಗುರುಪಾದನು ಒಬ್ಬ ನೇಕಾರ. ಹೋದ ವರ್ಷ ಓಟದ ದಿನ ಅವನ ಕಾರು ಬಂಡೆಗೆ ಅಪ್ಪಳಿಸಿತ್ತು. ಅವನ ಒಂದು ಕಾಲು ಹೋಗಿತ್ತು. ಬ್ರೇಕು ಕಾಲಡಿಯಲ್ಲಿ ಕುಸಿಯಿತೆಂದು ಅವನು ಮೂರು ಬಾರಿ ಹೇಳಿದ್ದನು. "ಮೊದಲ ಸುತ್ತಿನಲ್ಲಿ ಸರಿಯಿತ್ತಲ್ಲ, ತಾಂಬೂಲವನ್ನೂ ಕೊಟ್ಟೆಯಲ್ಲ" ಎಂದು ಆಸ್ಥಾನವು ಮೂರು ಬಾರಿಯೂ ತಳ್ಳಿಹಾಕಿತ್ತು. ದುಡುಕಿ ಓಡಿಸಿ ಸುಳ್ಳು ಹೇಳುತ್ತಾನೆಂದು ಅರಸನೇ ಅವನನ್ನು ಟ್ರ್ಯಾಕಿನಿಂದ ಹೊರಗಟ್ಟಿದ್ದನು.

ತೀರ್ಪು ಅಲ್ಲಿಯೇ ಆಯಿತು. ವೈದ್ಯರ ಕಾರಿನ ಬ್ರೇಕು ಬದಲಿಸಲು ಆಳು ಓಡಿದನು, ರಂಜಕನ ಅಂಗಡಿಗೆ ಬೀಗ ಬಿತ್ತು. ಅಂದಿನಿಂದ ರಾಜ್ಯದಲ್ಲಿ ಯಾವ ಹಳೆಯ ಕಾರು ಮಾರಾಟಕ್ಕೆ ಬಂದರೂ ಬ್ರೇಕು ಚೆನ್ನಾಗಿ ಕಾಯುವಂತೆ ಮೂರು ಸುತ್ತು ಓಡಬೇಕು, ಪಕ್ಕದ ಸೀಟಿನಲ್ಲಿ ರಂಜಕನೇ ಕೂರಬೇಕು. ಪರೀಕ್ಷೆಗೆ ಮುಂಚೆ ಅವನಷ್ಟು ಶ್ರದ್ಧೆಯಿಂದ ಬ್ರೇಕು ನೋಡುವವರು ಆ ರಾಜ್ಯದಲ್ಲಿ ಮತ್ತೊಬ್ಬರಿರಲಿಲ್ಲ.

ಇಂದುಲೇಖೆ ವಾಮನರಾಯರಿಗೆ ತಾಂಬೂಲ ಕೊಟ್ಟಳು. "ಹಳೆಯದೇ ಒಳ್ಳೆಯದು ಅಂತ ತಿಳಿಯಿತು, ದೇಮವ್ವ" ಎಂದಳು.

"ತಪ್ಪು ತಿಳಿದಿರಿ ಅಮ್ಮಣ್ಣಿ. ಮೇಷ್ಟ್ರ ನೋಟ್‌ಬುಕ್ಕಿನಂಥದು ಆ ನೀಲಿ ಕಾರಿನ ಜೊತೆಗಿದ್ದಿದ್ದರೆ ನೀಲಿಯನ್ನೇ ಕೊಳ್ಳಿ ಎನ್ನುತ್ತಿದ್ದೆ. ಮೊದಲು ಇದರ ಟೈರು ಬದಲಿಸೋಣ. ಅಲ್ಲಿಯವರೆಗೆ ಕೀಲಿ ನನ್ನ ಹತ್ತಿರ ಇರಲಿ."

ಅರಸನು ಪಲ್ಲಕ್ಕಿ ಬೇಡವೆಂದು ನಡೆದೇ ನೇಕಾರರ ಕೇರಿಗೆ ಹೋದನು. ಗುರುಪಾದನು ಊರುಗೋಲು ಹಿಡಿದು ಏಳಲು ಹೋದನು. ಅರಸನು ಅವನನ್ನು ಕೂರಿಸಿ, ತಾನು ನಿಂತೇ ಎಲ್ಲವನ್ನೂ ಹೇಳಿದನು. ತನ್ನ ತೀರ್ಪು ತಪ್ಪಾಗಿತ್ತೆಂದನು. ಕ್ಷಮೆ ಕೇಳಿದನು.

ಗುರುಪಾದನು ಊರುಗೋಲನ್ನು ಗೋಡೆಗೆ ಒರಗಿಸಿದನು. ಆಮೇಲೆ, "ನಾನು ಮೂರು ಸಲ ಹೇಳಿದ್ದೆ, ಸ್ವಾಮಿ" ಎಂದನು.



ಆದ್ದರಿಂದ ಮಕ್ಕಳೇ, ವಸ್ತುವಿನ ವಯಸ್ಸನ್ನಾಗಲಿ ಹೊಳಪನ್ನಾಗಲಿ ನೋಡಿ ಕೊಳ್ಳಬೇಡಿ. ಅದರ ದೋಷವನ್ನು ಮುಚ್ಚಿಡದೆ ಹೇಳುವವನಿಂದ ಕೊಳ್ಳಿ. ಪದ್ಧತಿಯನ್ನು ಪಾಲಿಸುವ ಮೊದಲು ಅದರ ಕಾರಣ ಕೇಳಿ. ನೊಂದವನು ಹೇಳುವುದನ್ನು ಮೊದಲನೆಯ ಸಲವೇ ಕಿವಿಗೊಟ್ಟು ಕೇಳಿ.